ಊರಿಗೆ ಬರೋದಾ, ಅಲ್ಲೇ ಇರೋದಾ? ದೊಡ್ಡ ನಿರ್ಧಾರವನ್ನು ಕಾಗದದ ಮೇಲೆ ಮಾಡುವ ಬಗೆ

ಉತ್ತರ ಕನ್ನಡದ ಶಿರಸಿ ಕಡೆಯ ಮನೆಗಳಲ್ಲಿ ದೊಡ್ಡ ನಿರ್ಧಾರಗಳು ಹೆಚ್ಚಾಗಿ ಜಗುಲಿಯ ಮೇಲೇ ಆಗುತ್ತವೆ. ನಡುವೆ ಕವಳದ, ಅಂದರೆ ಎಲೆ ಅಡಿಕೆಯ, ಹರಿವಾಣ ಇರುತ್ತದೆ. ಯಾರು ಮೊದಲು ಬಾಯಿ ಬಿಡುತ್ತಾರೋ ಕೊನೆಗೂ ಅವರ ಮಾತೇ ನಿಲ್ಲುತ್ತದೆ. ಅದು ಅಪ್ಪ, ಇಲ್ಲವಾದರೆ ದೊಡ್ಡಪ್ಪ. ಸೊಸೆ ಚಾ ತಂದಿಟ್ಟು ಒಳಗೆ ಹೋಗುತ್ತಾಳೆ. ಅವಳ ಅಭಿಪ್ರಾಯ ಏನಿತ್ತು ಅಂತ ಗೊತ್ತಾಗುವುದು ಎರಡು ವರ್ಷದ ಮೇಲೆ, ಜಗಳ ಶುರುವಾದಾಗ.

ಇಲ್ಲಿ ಹೇಳುವ ಕ್ರಮದಲ್ಲಿ ಪಟ್ಟಿ, ಅಂಕ, ಲೆಕ್ಕ ಎಲ್ಲ ಇದೆ. ಆದರೆ ಮುಖ್ಯವಾದದ್ದು ಒಂದೇ: ಎಲ್ಲರೂ ಮೊದಲು ಬೇರೆ ಬೇರೆ ಕೂತು ಬರೆಯಬೇಕು, ಮಾತು ಆಮೇಲೆ. ಇದೊಂದನ್ನು ಮಾಡಿ ಉಳಿದದ್ದನ್ನು ಅರ್ಧಂಬರ್ಧ ಮಾಡಿದರೂ ನಡೆಯುತ್ತದೆ. ಇದನ್ನು ಬಿಟ್ಟು ಉಳಿದದ್ದೆಲ್ಲ ಮಾಡಿದರೆ ಸುಮ್ನೆ ಕಾಗದ ದಂಡ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಕುಟುಂಬ ಕಲ್ಪಿತ. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಇಂಥ ಮನೆ ಹುಡುಕಲು ದೂರ ಹೋಗಬೇಕಾಗಿಲ್ಲ. ಎರಡು ಎಕರೆ ಅಡಿಕೆ ತೋಟ. ಮನೆಯಲ್ಲಿ ಅಪ್ಪ, ಆಯಿ ಇಬ್ಬರೇ. ಅಪ್ಪನಿಗೆ ಎಪ್ಪತ್ತು ದಾಟಿದೆ. ಮಗ, ಸೊಸೆ ಇಬ್ಬರಿಗೂ ಬೆಂಗಳೂರಲ್ಲಿ ಕಂಪ್ಯೂಟರ್ ಮುಂದಿನ ಕೆಲಸ. ಮೊಮ್ಮಗಳು ಎರಡನೇ ಕ್ಲಾಸು. ಮಗನ ತಂಗಿಯನ್ನು ಹೊನ್ನಾವರಕ್ಕೆ ಕೊಟ್ಟಾಗಿದೆ.

ಬೇಕಾಗುವುದು ಒಂದು ನೋಟ್‌ಬುಕ್, ಒಂದು ವಾರ. ಒಂದೇ ರಾತ್ರಿಯಲ್ಲಿ ಮುಗಿಸಲು ಹೋಗಬೇಡಿ.

ಹಂತ 1: ತಪ್ಪಾದರೆ ವಾಪಸ್ ಬರಬಹುದಾ?

ಮೊದಲು ಕೇಳಬೇಕಾದದ್ದು ಇದು. ವಾಪಸ್ ಬರಬಹುದಾದ ನಿರ್ಧಾರಕ್ಕೆ ಇಷ್ಟೆಲ್ಲ ಕಸರತ್ತು ಬೇಡ, ಮಾಡಿ ನೋಡಿದರಾಯಿತು. ವಾಪಸ್ ಬರಲಾಗದ್ದಕ್ಕೆ ಮಾತ್ರ ನಿಧಾನ ಬೇಕು.

ನಮ್ಮ ಉದಾಹರಣೆಯಲ್ಲಿ ಎರಡೂ ಬೆರೆತಿವೆ. ಒಂದು ವರ್ಷದ ಫಸಲನ್ನು ಗುತ್ತಿಗೆ ಕೊಟ್ಟರೆ ಮುಂದಿನ ವರ್ಷ ನೀವೇ ಕೊಯ್ಲು ಮಾಡಬಹುದು. ತೋಟ ಮಾರಿದರೆ ಆ ತೋಟ ಹೋಯಿತು. ಮರ ಕಡಿದು ಬೇರೆ ಬೆಳೆ ಹಾಕಿ ಅದು ಕೈಕೊಟ್ಟರೆ, ಮತ್ತೆ ಅಡಿಕೆ ಸಸಿ ನೆಟ್ಟು ಫಸಲು ಕಾಣಲು ಐದರಿಂದ ಏಳು ವರ್ಷ ಬೇಕು. ರಜೆ ಹಾಕಿ ಬರುವುದು ಬೇರೆ, ರಾಜೀನಾಮೆ ಕೊಟ್ಟು ಬರುವುದು ಬೇರೆ. ಹಾಗಾಗಿ ದೊಡ್ಡ ಪ್ರಶ್ನೆಯನ್ನು ತುಂಡು ಮಾಡಿ, ಪ್ರತಿ ತುಂಡಿನ ಪಕ್ಕದಲ್ಲೂ ‘ವಾಪಸ್ ಬರಬಹುದು’ ಅಥವಾ ‘ಬರಲಾಗದು’ ಅಂತ ಬರೆಯಿರಿ. ಬರಲಾಗದ ತುಂಡುಗಳು ನೀವು ಹೆದರಿದ್ದಕ್ಕಿಂತ ಕಡಿಮೆ ಇರುತ್ತವೆ.

ಹಂತ 2: ಪ್ರಶ್ನೆಯನ್ನೇ ತಿದ್ದಿ ಬರೆಯಿರಿ

‘ಊರಿಗೆ ಬರೋದಾ, ಬೇಡ್ವಾ?’ ಅಂತ ಕೇಳಿದರೆ ಹೌದು, ಇಲ್ಲ ಅನ್ನುವ ಎರಡೇ ಉತ್ತರ. ಮನೆ ಎರಡು ಪಕ್ಷವಾಗುತ್ತದೆ. ಅದನ್ನೇ ಹೀಗೆ ಬರೆದು ನೋಡಿ: ‘ಮುಂದಿನ ಐದು ವರ್ಷ ಅಪ್ಪ, ಆಯಿ ಒಂಟಿಯಾಗಬಾರದು, ತೋಟ ಹಾಳು ಬೀಳಬಾರದು, ನಮ್ಮಿಬ್ಬರ ಕೆಲಸವೂ ಪೂರ್ತಿ ತಪ್ಪಬಾರದು. ಇದಕ್ಕೆ ಏನೇನು ದಾರಿ ಇದೆ?’

ಈಗ ದಾರಿಗಳು ಹುಟ್ಟಿಕೊಳ್ಳುತ್ತವೆ. ಬೆಂಗಳೂರಲ್ಲೇ ಇರುವುದು. ಎಲ್ಲ ಬಿಟ್ಟು ಬರುವುದು. ಜೂನ್‌ನಿಂದ ಮಾರ್ಚ್‌ವರೆಗೆ ಒಂದು ಶಾಲಾ ವರ್ಷ ಊರಲ್ಲಿದ್ದು ಅಲ್ಲಿಂದಲೇ ಆಫೀಸ್ ಕೆಲಸ ಮಾಡುವುದು. ಅಪ್ಪ, ಆಯಿಯನ್ನು ಮಳೆಗಾಲದಲ್ಲಿ ಬೆಂಗಳೂರಿಗೆ ಕರೆದುಕೊಂಡು, ತೋಟಕ್ಕೆ ನಂಬಿಕೆಯ ಆಳು ಇಡುವುದು. ಮೂರನೇ ದಾರಿ ಸಿಗುವವರೆಗೆ ಈ ಹಂತ ಬಿಟ್ಟು ಮುಂದೆ ಹೋಗಬೇಡಿ.

ಇದೇ ಪುಟದಲ್ಲಿ ಇನ್ನೊಂದು ಸಾಲು ಬರೆಯಿರಿ: ಈ ನಿರ್ಧಾರದಲ್ಲಿ ಯಾರ್ಯಾರಿಗೆ ಮಾತಿದೆ? ‘ತಂಗಿಯನ್ನು ಕೊಟ್ಟಾಗಿದೆ, ಅವಳಿಗೇನು’ ಅನ್ನಬೇಡಿ. ಪಿತ್ರಾರ್ಜಿತ ಆಸ್ತಿಯಾದರೆ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ಪ್ರಕಾರ ಮಗಳಿಗೂ ಮಗನಷ್ಟೇ ಹಕ್ಕು. ಕಾನೂನು ಪಕ್ಕಕ್ಕಿಡಿ. ಅಪ್ಪನಿಗೆ ರಾತ್ರಿ ಎದೆನೋವು ಬಂದರೆ ಫೋನ್ ಹೋಗುವುದು ಬೆಂಗಳೂರಿಗಲ್ಲ, ಹೊನ್ನಾವರಕ್ಕೆ. ಅವಳನ್ನು ಕೇಳದೆ ಮಾಡಿದ ಏರ್ಪಾಡು ಅವಳ ಹೆಗಲ ಮೇಲೇ ಬೀಳುತ್ತದೆ.

ಹಂತ 3: ಬೇರೆ ಬೇರೆ ಕೂತು ಬರೆಯಿರಿ

1772ರಲ್ಲಿ ವಿಜ್ಞಾನಿ ಜೋಸೆಫ್ ಪ್ರೀಸ್ಟ್ಲಿ ಒಂದು ಹೊಸ ಕೆಲಸ ಒಪ್ಪಿಕೊಳ್ಳಲೋ ಬೇಡವೋ ಅಂತ ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್‌ಗೆ ಕಾಗದ ಬರೆದು ಕೇಳಿದ. ಏನು ಮಾಡಬೇಕು ಅಂತ ಫ್ರಾಂಕ್ಲಿನ್ ಹೇಳಲಿಲ್ಲ, ಹೇಗೆ ಯೋಚಿಸಬೇಕು ಅಂತ ಹೇಳಿದ. ಹಾಳೆಯ ನಡುವೆ ಗೆರೆ ಎಳೆ. ಒಂದು ಕಡೆ ಪರ, ಇನ್ನೊಂದು ಕಡೆ ವಿರೋಧ. ಮೂರು ನಾಲ್ಕು ದಿನ ಹೊಳೆದದ್ದನ್ನೆಲ್ಲ ಸೇರಿಸುತ್ತಾ ಹೋಗು. ಆಮೇಲೆ ಎರಡೂ ಕಡೆ ಸಮ ತೂಗುವ ಕಾರಣಗಳನ್ನು ಹೊಡೆದುಹಾಕು. ಉಳಿದದ್ದು ಯಾವ ಕಡೆ ಜಾಸ್ತಿ ಅಂತ ನೋಡು.

ಇನ್ನೂರೈವತ್ತು ವರ್ಷವಾದರೂ ಇದಕ್ಕಿಂತ ಸುಲಭದ ಕ್ರಮ ಬಂದಿಲ್ಲ. ಇದರಲ್ಲಿ ನನಗೆ ಮುಖ್ಯ ಅನ್ನಿಸುವುದು ಗೆರೆ ಅಲ್ಲ, ಆ ಮೂರು ನಾಲ್ಕು ದಿನ. ಮೊದಲ ದಿನ ಸಂಬಳ, ಖರ್ಚು ಇಂಥವೇ ಬರುತ್ತವೆ. ಆಯಿಗೆ ಒಂಟಿ ಅನ್ನಿಸುತ್ತಿದೆ, ಸೊಸೆಗೆ ಹತ್ತು ವರ್ಷ ಕಟ್ಟಿದ ಕೆಲಸ ಹೋಗುವ ಭಯ ಇದೆ. ಇವು ಹಾಳೆಗೆ ಬರುವಷ್ಟರಲ್ಲಿ ಮೂರನೇ ದಿನ ಆಗಿರುತ್ತದೆ.

ಫ್ರಾಂಕ್ಲಿನ್ ಹೇಳಿದ್ದು ಒಬ್ಬನಿಗೆ. ನಮ್ಮಲ್ಲಿ ಮಗ, ಸೊಸೆ, ತಂಗಿ ಮೂವರೂ ತಮ್ಮ ತಮ್ಮ ಹಾಳೆ ಬರೆಯಬೇಕು. ಎಲ್ಲರದ್ದೂ ಮುಗಿಯುವವರೆಗೆ ಒಬ್ಬರದ್ದನ್ನೊಬ್ಬರು ನೋಡುವ ಹಾಗಿಲ್ಲ. ‘ನೀನೇನು ಬರೆದೆ?’ ಅಂತ ಇಣುಕಿದರೆ ಕೆಲಸ ಕೆಟ್ಟಿತು.

ಅಪ್ಪ ಬರೆಯುವುದಿಲ್ಲ. ‘ಇದೆಂಥ ಮಕ್ಕಳಾಟ’ ಅನ್ನುತ್ತಾರೆ. ಅವರನ್ನು ಕೂರಿಸಿ ಕೇಳಬೇಡಿ. ತೋಟಕ್ಕೆ ಹೋಗುವಾಗ ಜೊತೆಗೆ ಹೋಗಿ, ‘ಅಪ್ಪ, ನಿಂಗೆ ಎಲ್ಲಕ್ಕಿಂತ ಹೆಚ್ಚು ಯಾವ ಚಿಂತೆ?’ ಅಂತ ಒಂದೇ ಪ್ರಶ್ನೆ ಕೇಳಿ, ಸುಮ್ಮನಿರಿ. ಮನೆಗೆ ಬಂದು ಅವರು ಹೇಳಿದ್ದನ್ನು ಅವರ ಮಾತಲ್ಲೇ ಬರೆದಿಡಿ. ಆಯಿಯನ್ನು ಬೇರೆ ಕೇಳಿ, ಅಪ್ಪ ಇಲ್ಲದಾಗ. ಇಬ್ಬರ ಉತ್ತರ ಒಂದೇ ಇರುವುದು ಕಡಿಮೆ.

ಹಂತ 4: ಗೊತ್ತಿರುವುದು, ಅಂದಾಜು, ಆಸೆ

ಈಗ ಎಲ್ಲರ ಹಾಳೆಯನ್ನೂ ಮುಂದಿಟ್ಟುಕೊಂಡು ಪ್ರತಿ ಸಾಲಿನ ಪಕ್ಕ ಒಂದು ಗುರುತು ಹಾಕಿ. ಅದು ಗೊತ್ತಿರುವ ವಿಷಯವೋ, ಅಂದಾಜೋ, ಆಸೆಯೋ? ‘ಸಂಬಳ ಇಷ್ಟು’ ಅನ್ನುವುದು ಗೊತ್ತಿರುವುದು. ‘ತೋಟದಲ್ಲಿ ವರ್ಷಕ್ಕೆ ಇಷ್ಟು ಸಿಗುತ್ತದೆ’ ಅನ್ನುವುದು ಅಂದಾಜು. ‘ಕಾಳುಮೆಣಸು, ಜಾಯಿಕಾಯಿ ಹಾಕಿದರೆ ಡಬಲ್ ಆಗುತ್ತದೆ’ ಅನ್ನುವುದು ಆಸೆ, ಯಾರೋ ಬೆಳೆದು ತೋರಿಸಿದ ಲೆಕ್ಕ ಕೈಯಲ್ಲಿ ಇರುವವರೆಗೆ.

ಅಡಿಕೆಯ ಆದಾಯಕ್ಕೆ ಒಂದೇ ಸಂಖ್ಯೆ ಬರೆಯುವವರು ಯಾರೇ ಆಗಲಿ, ನಂಬಬೇಡಿ. ಕೊಳೆರೋಗ ಬಂದ ವರ್ಷ ಬೇರೆ, ಎಲೆಚುಕ್ಕೆ ರೋಗ ತೋಟಕ್ಕೆ ಇಳಿದ ವರ್ಷ ಬೇರೆ, ದರ ಏರಿದ ವರ್ಷ ಬೇರೆ. ಸೊಸೈಟಿಯಲ್ಲಿ ಅಡಿಕೆ ಹಾಕಿದ ಹಳೇ ಪಟ್ಟಿಗಳನ್ನು ಅಪ್ಪ ಎಲ್ಲೋ ಕಟ್ಟಿಟ್ಟಿರುತ್ತಾರೆ. ಐದಾರು ವರ್ಷದ್ದು ಹುಡುಕಿ ತೆಗೆಯಿರಿ. ಅದರಿಂದ ಮೂರು ಸಂಖ್ಯೆ ಮಾಡಿ: ಕೆಟ್ಟ ವರ್ಷ, ಸಾಧಾರಣ ವರ್ಷ, ಒಳ್ಳೆಯ ವರ್ಷ.

ಲೆಕ್ಕಕ್ಕೆ ಅಂತ ಹೀಗೆ ಇಟ್ಟುಕೊಳ್ಳಿ. ಖರ್ಚು ಕಳೆದು ಕೆಟ್ಟ ವರ್ಷ 2 ಲಕ್ಷ, ಸಾಧಾರಣ ವರ್ಷ 5 ಲಕ್ಷ, ಒಳ್ಳೆಯ ವರ್ಷ 8 ಲಕ್ಷ. ಹತ್ತು ವರ್ಷದಲ್ಲಿ ಮೂರು ಕೆಟ್ಟವು, ಐದು ಸಾಧಾರಣ, ಎರಡು ಒಳ್ಳೆಯವು. ಒಟ್ಟು 6, 25, 16 ಸೇರಿ 47 ಲಕ್ಷ. ಸರಾಸರಿ ವರ್ಷಕ್ಕೆ 4 ಲಕ್ಷ 70 ಸಾವಿರ. ಮನೆಖರ್ಚು ತಿಂಗಳಿಗೆ 30 ಸಾವಿರ ಅಂದರೆ ವರ್ಷಕ್ಕೆ 3 ಲಕ್ಷ 60 ಸಾವಿರ. ‘ಸಾಕಲ್ವಾ?’ ಅನ್ನಿಸುತ್ತದೆ.

ಸಾಲದು. ಸರಾಸರಿ ನೋಡಿ ಊಟ ಮಾಡಲಾಗುವುದಿಲ್ಲ. ಮೊದಲ ಎರಡು ವರ್ಷವೇ ಕೆಟ್ಟವು ಬಂದರೆ? ಬರುವುದು 4 ಲಕ್ಷ, ಖರ್ಚು 7 ಲಕ್ಷ 20 ಸಾವಿರ. ಕೊರತೆ 3 ಲಕ್ಷ 20 ಸಾವಿರ. ಅಷ್ಟು ದುಡ್ಡು ಮೊದಲೇ ಬ್ಯಾಂಕಿನಲ್ಲಿದ್ದರೆ ನಿಶ್ಚಿಂತೆಯಿಂದ ಮುಂದೆ ಹೋಗಿ. ಇಲ್ಲವಾದರೆ ಆ ಸಂಖ್ಯೆ ಕೂಡಿಸುವುದೇ ಮೊದಲ ಕೆಲಸ. ಬೆಂಗಳೂರಿನ ಫ್ಲ್ಯಾಟಿನ ಕಂತು ಬಾಕಿ ಇದ್ದರೆ ಅದನ್ನೂ ಸೇರಿಸಿ.

ಕರಾವಳಿಯಲ್ಲೂ ಇದೇ ಲೆಕ್ಕ. ಕಾರವಾರದ ಬೈತಖೋಲಿನಲ್ಲೋ ತದಡಿಯಲ್ಲೋ ಬೋಟಿನಲ್ಲಿ ಪಾಲು ಕೊಳ್ಳುವವರು ದಿನಕ್ಕೆ ಸಿಗುವ ಮೀನು ನೋಡಿ ಮರುಳಾಗುತ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆ ಬಂದ್. ದುಡಿಮೆ ಹತ್ತು ತಿಂಗಳು, ಬ್ಯಾಂಕಿನ ಕಂತು ಹನ್ನೆರಡು ತಿಂಗಳು. ಗಾಳಿ, ತೂಫಾನು ಅಂತ ಬೋಟು ದಡಕ್ಕೆ ಕಟ್ಟುವ ದಿನಗಳು ಬೇರೆ.

ಹಂತ 5: ತೂಕ ಬೇರೆ ಬೇರೆ, ಅಂಕ ಒಟ್ಟಿಗೆ

ಮುಖ್ಯ ಅನ್ನಿಸುವ ನಾಲ್ಕೈದು ವಿಷಯ ಆರಿಸಿ. ಹತ್ತು ಹನ್ನೆರಡು ಬೇಡ, ಗೋಜಲಾಗುತ್ತದೆ. ಒಟ್ಟು 100 ತೂಕವನ್ನು ಅವುಗಳಿಗೆ ಹಂಚಬೇಕು. ಇದನ್ನು ಒಬ್ಬೊಬ್ಬರೇ ಮಾಡಬೇಕು. ಆಮೇಲೆ ಪ್ರತಿ ದಾರಿಗೂ ಪ್ರತಿ ವಿಷಯದಲ್ಲಿ ಹತ್ತಕ್ಕೆ ಎಷ್ಟು ಅಂಕ ಅಂತ ಎಲ್ಲರೂ ಒಟ್ಟಿಗೆ ಕೂತು ಹಾಕಿ. ತೂಕ ಅವರವರ ಮನಸ್ಸಿನದ್ದು, ಅಂಕ ಎಲ್ಲರೂ ನೋಡಬಹುದಾದದ್ದು. ಎರಡನ್ನೂ ಬೆರೆಸಬಾರದು.

ಮಗನ ತೂಕ: ಆದಾಯ 30, ಅಪ್ಪ ಆಯಿಯ ಆರೈಕೆ 35, ಮಗಳ ಶಾಲೆ 15, ಹೆಂಡತಿಯ ಕೆಲಸ 10, ತೋಟ 10.
ಸೊಸೆಯ ತೂಕ: ಆದಾಯ 20, ಆರೈಕೆ 20, ಶಾಲೆ 20, ತನ್ನ ಕೆಲಸ 35, ತೋಟ 5.

ಇದೇ ಕ್ರಮದಲ್ಲಿ ಮೊದಲ ಮೂರು ದಾರಿಗಳ ಅಂಕಗಳು:
ಬೆಂಗಳೂರಲ್ಲೇ ಇದ್ದರೆ 8, 3, 7, 9, 3.
ಎಲ್ಲ ಬಿಟ್ಟು ಬಂದರೆ 5, 9, 6, 3, 9.
ಒಂದು ಶಾಲಾ ವರ್ಷ ಊರಿಂದಲೇ ಕೆಲಸ ಮಾಡಿದರೆ 7, 8, 5, 7, 6.

ತೂಕವನ್ನು ಅಂಕದಿಂದ ಗುಣಿಸಿ ಕೂಡಿಸಿ. ಮಗನ ಲೆಕ್ಕದಲ್ಲಿ ಬೆಂಗಳೂರು 570, ಬಿಟ್ಟು ಬರುವುದು 675, ಒಂದು ವರ್ಷದ ದಾರಿ 695. ಸೊಸೆಯ ಲೆಕ್ಕದಲ್ಲಿ ಬೆಂಗಳೂರು 690, ಬಿಟ್ಟು ಬರುವುದು 550, ಒಂದು ವರ್ಷದ ದಾರಿ 675.

ಮೂರನೇ ದಾರಿ ಇಲ್ಲದಿದ್ದರೆ ಗಂಡ ಹೆಂಡತಿ ಎದುರು ಬದುರು ನಿಲ್ಲುತ್ತಿದ್ದರು. ‘ನಿಂಗೆ ನನ್ನ ಅಪ್ಪ, ಆಯಿ ಬೇಡ’, ‘ನಿಂಗೆ ನನ್ನ ಕೆಲಸದ ಬೆಲೆ ಗೊತ್ತಿಲ್ಲ’ ಅಂತ ಮಾತು ಹೋಗುತ್ತಿತ್ತು. ಹಾಳೆ ಬೇರೆಯದನ್ನೇ ತೋರಿಸುತ್ತಿದೆ. ಸೊಸೆಗೆ ಆರೈಕೆಯೂ ಬೇಕು, 20 ತೂಕ ಕೊಟ್ಟಿದ್ದಾಳೆ. ಅಡ್ಡ ನಿಂತಿರುವುದು ಅವಳ ಕೆಲಸದ ಆ ಮೂರು ಅಂಕ. ಅದು ಏಳಾಗಿರುವ ಒಂದು ವರ್ಷದ ದಾರಿಗೂ ಬೆಂಗಳೂರಿಗೂ ಅವಳ ಲೆಕ್ಕದಲ್ಲಿ ಇರುವ ಅಂತರ ಬರೀ 15.

ಈಗ ತೂಕವನ್ನು ಸ್ವಲ್ಪ ಅಲುಗಾಡಿಸಿ. ಸೊಸೆ ತನ್ನ ಕೆಲಸದಿಂದ 5 ತೆಗೆದು ಆರೈಕೆಗೆ ಕೊಟ್ಟರೆ ಬೆಂಗಳೂರು 660, ಒಂದು ವರ್ಷದ ದಾರಿ 680. ತಿರುಗಿಬಿಟ್ಟಿತು. ಇಷ್ಟು ಸಣ್ಣದಕ್ಕೆ ತಿರುಗುವ ಉತ್ತರವನ್ನು ಹಿಡಿದು ‘ನೋಡು, ಲೆಕ್ಕವೇ ಹೇಳಿದೆ’ ಅಂತ ವಾದ ಮಾಡಬೇಡಿ. ಎರಡೂ ಹತ್ತಿರ ಹತ್ತಿರ ಇವೆ ಅಂತಲೇ ಅದರ ಅರ್ಥ.

ಆರೈಕೆಯ ಅಂಕ ಹಾಕುವಾಗ ಒಂದು ಎಚ್ಚರಿಕೆ. ಜೊತೆಗಿದ್ದರೆ 9 ಅಂತ ಧಾರಾಳವಾಗಿ ಹಾಕಿಬಿಡುತ್ತೇವೆ. ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆಗೆ ಇನ್ನೂ ಹುಬ್ಬಳ್ಳಿಗೋ ಮಣಿಪಾಲಕ್ಕೋ ಮಂಗಳೂರಿಗೋ ಓಡುವುದೇ ರೂಢಿ. ಶಿರಸಿಯಿಂದ ಹುಬ್ಬಳ್ಳಿಯೇ ಸುಮಾರು 100 ಕಿಲೋಮೀಟರ್. ಮಗ ಪಕ್ಕದಲ್ಲಿದ್ದರೆ ಕಾರು ತೆಗೆಯುವವರು ಇದ್ದಾರೆ ಅಂತಾಯಿತು, ಆಸ್ಪತ್ರೆ ಹತ್ತಿರ ಬಂದಂತಾಗಲಿಲ್ಲ. ಅಪ್ಪನಿಗೆ ಆಗಲೇ ಹೃದಯದ ತೊಂದರೆ ಇದ್ದರೆ ಈ ಅಂಕ ಮತ್ತೊಮ್ಮೆ ನೋಡಿ.

ಹಂತ 6: ಕೆಟ್ಟೇ ಹೋಯಿತು ಅಂದುಕೊಳ್ಳಿ

ಇದನ್ನು ಹೇಳಿಕೊಟ್ಟವರು ಗ್ಯಾರಿ ಕ್ಲೈನ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞ. 2007ರಲ್ಲಿ ಅವರ ಲೇಖನ ಬಂದ ಮೇಲೆ ಹೆಚ್ಚು ಪ್ರಚಾರವಾಯಿತು. ಮಾಡುವುದು ಸುಲಭ. ನಿರ್ಧಾರ ಮಾಡಿ ಒಂದು ವರ್ಷ ಆಗಿದೆ, ಎಲ್ಲ ಕೆಟ್ಟು ಕೂತಿದೆ ಅಂದುಕೊಳ್ಳಿ. ಯಾಕೆ ಕೆಟ್ಟಿತು? ಹತ್ತು ನಿಮಿಷ ಎಲ್ಲರೂ ಬೇರೆ ಬೇರೆ ಬರೆಯಿರಿ. ‘ಕೆಡಬಹುದಾ?’ ಅಂತ ಕೇಳಿದರೆ ‘ಅಯ್ಯೋ ಬಿಡ್ತು ಅನ್ನು’ ಅಂತ ಹಿರಿಯರು ಬಾಯಿ ಮುಚ್ಚಿಸುತ್ತಾರೆ. ಕೆಟ್ಟಾಗಿದೆ ಅಂದರೆ ಕಾರಣ ಹೇಳಲು ಎಲ್ಲರಿಗೂ ಉಮೇದು.

ನಮ್ಮ ಮನೆಯವರು ಬರೆದದ್ದು ಸುಮಾರು ಹೀಗಿರುತ್ತದೆ. ಜುಲೈನಲ್ಲಿ ನಾಲ್ಕು ದಿನ ಕರೆಂಟಿಲ್ಲ, ಇನ್ವರ್ಟರ್ ಕೂತಿತು, ಆಫೀಸಿನ ಮೀಟಿಂಗ್ ತಪ್ಪಿತು. ಅಪ್ಪನ ಜೊತೆ ಮಗನಿಗೆ ದಿನಾ ಚರ್ಚೆ, ತೋಟದಲ್ಲಿ ಯಾರ ಮಾತು ನಡೆಯಬೇಕು ಅಂತ. ಎರಡನೇ ಸಲ ಮದ್ದು ಹೊಡೆಯಲು ಮರ ಹತ್ತುವ ಕೊನೆಗೌಡ ಸಿಗಲಿಲ್ಲ, ಕೊಳೆ ಹಿಡಿಯಿತು. ಮಗುವಿಗೆ ಓರಗೆಯವರು ಯಾರೂ ಇಲ್ಲ, ಮೊಬೈಲಿಗೆ ಅಂಟಿಕೊಂಡಿತು.

ಇವುಗಳಲ್ಲಿ ಯಾವುದಕ್ಕೆ ಈಗಲೇ ಮದ್ದಿದೆ ನೋಡಿ. ಕೊಳೆಗೆ ಬೋರ್ಡೋ ದ್ರಾವಣವನ್ನು ಮಳೆ ಹಿಡಿಯುವ ಮೊದಲು ಒಮ್ಮೆ, 40ರಿಂದ 45 ದಿನದ ಮೇಲೆ ಇನ್ನೊಮ್ಮೆ ಹೊಡೆಯಬೇಕು. ಆ ಎರಡನೇ ಸರದಿಗೆ ಜನ ಸಿಗದಿದ್ದರೆ ನೆಲದಲ್ಲೇ ನಿಂತು ಹೊಡೆಯುವ ಫೈಬರ್ ದೋಟಿಯವರನ್ನು (ದೋಟಿ ಅಂದರೆ ಉದ್ದನೆಯ ಕೋಲು) ಮೊದಲೇ ಗೊತ್ತು ಮಾಡಿಕೊಳ್ಳಬಹುದು. ಕರೆಂಟಿಗೆ ದೊಡ್ಡ ಬ್ಯಾಟರಿ ಹಾಕಿಸಬಹುದು. ಅಪ್ಪ, ಮಗನ ಚರ್ಚೆಗೆ ಬ್ಯಾಟರಿ ಇಲ್ಲ. ಅದಕ್ಕೆ ಮೊದಲೇ ಒಪ್ಪಂದ ಬೇಕು: ಈ ವರ್ಷ ತೋಟ ಅಪ್ಪನದ್ದು, ಅಪ್ಪ ಹೇಳಿದ ಕೆಲಸವನ್ನು ಮಗ ಮಾಡುತ್ತಾನೆ, ಹೊಸ ಪ್ರಯೋಗಕ್ಕೆ ಒಂದು ಮೂಲೆಯ ಇಪ್ಪತ್ತು ಮರ ಮಾತ್ರ.

ಹಂತ 7: ಆಷಾಢದಲ್ಲಿ ಬಂದು ಇರಿ

ದೀಪಾವಳಿಗೋ, ಎರಡು ವರ್ಷಕ್ಕೊಮ್ಮೆ ನಡೆಯುವ ಮಾರಿಕಾಂಬಾ ಜಾತ್ರೆಗೋ ಬಂದು ‘ಇಲ್ಲೇ ಇದ್ದುಬಿಡೋಣ’ ಅನ್ನಿಸುವುದು ಸಹಜ. ಆಗ ಮನೆ ತುಂಬ ಜನ, ಒಳ್ಳೆಯ ಹವೆ, ದಿನಾ ಸಿಹಿ. ಆ ವಾರದಲ್ಲಿ ಯಾವ ನಿರ್ಧಾರವನ್ನೂ ಮಾಡಬೇಡಿ. ಪರೀಕ್ಷೆ ಮಾಡುವುದಾದರೆ ಜುಲೈನಲ್ಲಿ ಎರಡು ವಾರ ಬನ್ನಿ. ಬಟ್ಟೆ ಒಣಗುವುದಿಲ್ಲ, ಕಾಲಿಗೆ ಉಂಬಳ (ಜಿಗಣೆ), ಸಂಜೆ ಏಳಕ್ಕೇ ಮಧ್ಯರಾತ್ರಿ ಆದ ಹಾಗಿರುತ್ತದೆ. ಆಫೀಸಿನ ಕೆಲಸವನ್ನು ಅಲ್ಲಿಂದಲೇ ಮಾಡಿ. ದಿನಕ್ಕೆ ಎಷ್ಟು ಸಲ ನೆಟ್ ಹೋಯಿತು ಅಂತ ಸೊಸೆಯೇ ಬರೆದಿಡಲಿ. ಹಂತ 5ರಲ್ಲಿ ಹಾಕಿದ ಆ 7 ಅಂಕ ನಿಜವೋ ಸುಳ್ಳೋ ಎರಡೇ ವಾರದಲ್ಲಿ ಗೊತ್ತಾಗುತ್ತದೆ. ಆಮೇಲೆ ಅಂಕ ತಿದ್ದಿ.

ಎಲ್ಲದಕ್ಕೂ ಇದೇ ಪಟ್ಟಿ ಬೇಡ

ಸಿಇಟಿ ಬರೆದ ಮಕ್ಕಳ ಆಪ್ಷನ್ ಎಂಟ್ರಿಗೆ, ಅಂದರೆ ಬೇಕಾದ ಕಾಲೇಜು, ಕೋರ್ಸುಗಳನ್ನು ಸಾಲಾಗಿ ಹಾಕುವುದಕ್ಕೆ, ತೂಕ, ಅಂಕ ಬೇಕಿಲ್ಲ. ಅಲ್ಲಿ ನಿಯಮ ಒಂದೇ: ನಿಜವಾಗಿ ಯಾವುದು ಹೆಚ್ಚು ಇಷ್ಟವೋ ಅದನ್ನು ಮೇಲೆ ಹಾಕಿ. ‘ನಮ್ಮ ರ‍್ಯಾಂಕಿಗೆ ಅದು ಸಿಗೋದಿಲ್ಲ’ ಅಂತ ಕೆಳಗೆ ಹಾಕುವವರು ತಮಗೆ ತಾವೇ ನಷ್ಟ ಮಾಡಿಕೊಳ್ಳುತ್ತಾರೆ. ಮೇಲಿನದ್ದು ಸಿಗದಿದ್ದರೆ ಯಂತ್ರ ಮುಂದಿನದ್ದನ್ನು ನೋಡುತ್ತದೆ, ಅದಕ್ಕೆ ದಂಡವೇನೂ ಇಲ್ಲ.

ಮದುವೆಗೆ ಅಂಕಪಟ್ಟಿ ಮಾಡುವವರನ್ನು ಕಂಡರೆ ನನಗೆ ಸ್ವಲ್ಪ ಭಯ. ಅಲ್ಲಿ ಹರ್ಬರ್ಟ್ ಸೈಮನ್ ಹೇಳಿದ ದಾರಿ ಮೇಲು. 1978ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು. ಎಲ್ಲಕ್ಕಿಂತ ಉತ್ತಮವಾದದ್ದನ್ನು ಹುಡುಕುತ್ತಾ ಹೋಗುವ ಬದಲು, ಇಷ್ಟಾದರೂ ಇರಲೇಬೇಕು ಅನ್ನುವ ಮೂರು ನಾಲ್ಕು ಮಾತು ಮೊದಲೇ ಗಟ್ಟಿ ಮಾಡಿಕೊಂಡು, ಅದಕ್ಕೆ ಹೊಂದಿದ್ದು ಸಿಕ್ಕಿದಾಗ ಒಪ್ಪಿಕೊಳ್ಳುವುದು. ಆ ಮೂರು ನಾಲ್ಕರಲ್ಲಿ ಜಾತಕದ ಗುಣ ಬರಬೇಕಾ ಅನ್ನುವುದು ನಿಮ್ಮ ಮನೆಯ ವಿಷಯ.

ಹಂತ 8: ಸಮ ಸಮ ಬಂದರೆ

ಎಲ್ಲ ಮಾಡಿದ ಮೇಲೂ ಎರಡು ದಾರಿ ಸರಿಸಮ ನಿಲ್ಲಬಹುದು. ನಮ್ಮಲ್ಲಿ ಆಗ ದೇವರಲ್ಲಿ ಪ್ರಸಾದ ಕೇಳುತ್ತಾರೆ, ಅಂದರೆ ಹೌದೋ ಅಲ್ಲವೋ ಅಂತ ದೇವರ ಅಪ್ಪಣೆ ಕೇಳುತ್ತಾರೆ. ಇಡಗುಂಜಿ ಗಣಪತಿಯ ಎದುರು ಮದುವೆ ಸಂಬಂಧಕ್ಕೆ ಪ್ರಸಾದ ಕೇಳುವ ಪದ್ಧತಿ ಹಳೆಯದು. ಕೇಳುವುದಾದರೆ ಕೇಳಿ, ಆದರೆ ಈ ಹಂತದಲ್ಲಿ, ಮೊದಲಲ್ಲ.

ಅರ್ಥಶಾಸ್ತ್ರಜ್ಞ ಸ್ಟೀವನ್ ಲೆವಿಟ್ ಇದನ್ನೇ ನಾಣ್ಯದಲ್ಲಿ ಮಾಡಿಸಿದರು. ಕೆಲಸ ಬಿಡಲೋ ಬೇಡವೋ ಎಂಬಂಥ ಪ್ರಶ್ನೆಯಲ್ಲಿ ತೂಗಾಡುತ್ತಿದ್ದ ಸಾವಿರಾರು ಜನರಿಗೆ ಕಂಪ್ಯೂಟರಿನಲ್ಲಿ ನಾಣ್ಯ ಚಿಮ್ಮಿಸಿ, ಆರು ತಿಂಗಳ ಮೇಲೆ ವಿಚಾರಿಸಿದರು. ದೊಡ್ಡ ವಿಷಯಗಳಲ್ಲಿ ಬದಲಾವಣೆ ಮಾಡಿಕೊಂಡವರು ಮಾಡಿಕೊಳ್ಳದವರಿಗಿಂತ ಹೆಚ್ಚು ಖುಷಿಯಾಗಿದ್ದರು. ಇವರೆಲ್ಲ ಆಗಲೇ ಎರಡೂ ಸಮ ಅನ್ನಿಸಿ ನಾಣ್ಯದ ಮೊರೆ ಹೋದವರು ಅನ್ನುವುದನ್ನು ಮರೆಯಬೇಡಿ. ನಿಮ್ಮ ಲೆಕ್ಕದಲ್ಲಿ ಒಂದು ದಾರಿ 690, ಇನ್ನೊಂದು 550 ಇದ್ದರೆ ಈ ಮಾತು ನಿಮಗಲ್ಲ.

ಹಂತ 9: ಬರೆದಿಟ್ಟು ತಾರೀಕು ಹಾಕಿ

ಕೊನೆಯ ಪುಟದಲ್ಲಿ ಇಷ್ಟು ಇರಲಿ. ಏನು ನಿರ್ಧಾರ, ಯಾವ ಮೂರು ಕಾರಣಕ್ಕೆ, ಏನಾಗುತ್ತದೆ ಅಂತ ನಿರೀಕ್ಷೆ, ಮತ್ತೆ ಯಾವಾಗ ಕೂರುವುದು, ಏನಾದರೆ ನಿಲ್ಲಿಸುವುದು. ನಿಲ್ಲಿಸುವ ಗೆರೆಯನ್ನು ಸಂಖ್ಯೆಯಲ್ಲೇ ಬರೆಯಿರಿ. ‘ಕಷ್ಟ ಆದರೆ ವಾಪಸ್ ಹೋಗೋಣ’ ಅಂದರೆ ಯಾರೂ ಹೋಗುವುದಿಲ್ಲ. ‘ಡಿಸೆಂಬರ್ ಒಳಗೆ ಸೊಸೆಗೆ ಆಫೀಸಿನಿಂದ ಎರಡನೇ ಸಲ ದೂರು ಬಂದರೆ’ ಅಥವಾ ‘ಉಳಿತಾಯ 2 ಲಕ್ಷಕ್ಕೆ ಇಳಿದರೆ’ ಅಂತ ಬರೆಯಿರಿ. ಇನ್ವರ್ಟರಿಗೆ, ಮನೆ ರಿಪೇರಿಗೆ ಇಷ್ಟು ಸುರಿದಾಗಿದೆ, ಈಗ ಬಿಡೋದು ಹೇಗೆ ಅನ್ನುವ ಮಾತು ಆಗ ಖಂಡಿತ ಬರುತ್ತದೆ. ಹೋದ ದುಡ್ಡು ಇದ್ದರೂ ಹೋಗಿದೆ, ಬಿಟ್ಟರೂ ಹೋಗಿದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮತ್ತೆ ಕೂರುವ ದಿನವನ್ನು ಅಡಿಕೆ ಕೊಯ್ಲಿನ ಗಡಿಬಿಡಿಯಲ್ಲಿ ಇಡಬೇಡಿ, ಯಾರಿಗೂ ಪುರಸೊತ್ತಿರುವುದಿಲ್ಲ. ಶಾಲೆಯ ಪರೀಕ್ಷೆ ಮುಗಿದ ವಾರ ಒಳ್ಳೆಯದು, ಮುಂದಿನ ವರ್ಷದ ಅಡ್ಮಿಷನ್ನಿಗೂ ಸಮಯ ಇರುತ್ತದೆ. ಆ ದಿನ ಹಳೇ ತೂಕದ ಹಾಳೆ ತೆರೆಯುವ ಮೊದಲೇ ಎಲ್ಲರೂ ಹೊಸ ತೂಕ ಬರೆಯಲಿ, ಮತ್ತೆ ಬೇರೆ ಬೇರೆ ಕೂತು. ತಂಗಿ ಹೊನ್ನಾವರದಿಂದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ ಸಾಕು. ಅವಳ ಹಾಳೆ ಬರುವವರೆಗೆ ಕವಳದ ಹರಿವಾಣ ಜಗುಲಿಗೆ ತರಬೇಡಿ.